ಕಣಸಂಘಟ್ಟವೂ ಕಪ್ಪುಕುಳಿಯೂ
(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಭಾಷಣ)



2008ನೆಯ ಇಸವಿ ಸೆಪ್ಟೆಂಬರ್ 10ರಂದು ಲೋಕವು ಲಯವಾಗುವುದೆಂಬ ಸುದ್ದಿಯು ನಮ್ಮ ದೇಶದಲ್ಲಿಯೂ ಹಬ್ಬಿದ್ದುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟೆಲಿವಿಷನ್ ವಾಹಿನಿಗಳು ಆ ಭೀತಿಯನ್ನು ಧಾರಾಳವಾಗಿ ಬಿತ್ತಿದುವು. ಆ ದಿನ ಜಿನೀವಾ ನಗರದ ಬಳಿ ಸರ್ನ್ ಸಂಸ್ಥೆಯವರು, ನೆಲದಡಿಯಲ್ಲಿ 27 ಕಿಲೋಮೀಟರು ಸುತ್ತಳತೆಯ ಕಣಸಂಘಟ್ಟಕ ಯಂತ್ರದಲ್ಲಿ ಮೊದಲ ಸಲ ಪ್ರೋಟಾನುಗಳನ್ನು ಪೂರ್ತಿ ಸುತ್ತು ಓಡಿಸಿದರು. ಕಣಗಳು ಡಿಕ್ಕಿ ಹೊಡೆದೆಡೆಯಲ್ಲಿ ಕಪ್ಪುಕುಳಿ ಹುಟ್ಟಿ ಭೂಮಂಡಲವನ್ನೇ ನುಂಗುವುದೆಂಬುದು ಜನರ ಅಂಜಿಕೆ. ಆ ದಿನ ಡಿಕ್ಕಿಯೇ ನಡೆಯಲಿಲ್ಲವೆಂಬುದನ್ನು ಯಾರೂ ವಿಚಾರಿಸಲಿಲ್ಲ!

ಆದರೂ ಈ ಅಂಜಿಕೆಯನ್ನು ಮೌಢ್ಯವೆಂದು ನಕ್ಕುಬಿಡುವುದು ನ್ಯಾಯವಲ್ಲ. ಅದರ ಬೀಜವು ವಿಜ್ಞಾನಿಗಳ ಮಾತಿನಲ್ಲಿಯೇ ಇದ್ದಿತು. ಕಣಗಳ ನಡುವಣ ಗುರುತ್ವಾಕರ್ಷಣೆಯು ಅತ್ಯಂತ ದುರ್ಬಲವಾದುದು. ಸಾಮಾನ್ಯ ಲೆಕ್ಕದಂತೆ, ಡಿಕ್ಕಿಯಿಂದ ಕುಳಿ ಹುಟ್ಟಬೇಕಾದರೆ ಈ ಯಂತ್ರದ ಶಕ್ತಿಯ ಕೋಟಿ ಕೋಟಿ ಪಾಲಿಗೂ ಮಿಕ್ಕ ಶಕ್ತಿ ಬೇಕು. ಆದರೆ 1998ರಲ್ಲಿ ಅರ್ಕಾನಿ-ಹಮೆದ್, ಡಿಮೋಪೌಲೋಸ್, ಡ್ವಾಲಿ ಎಂಬ ಮೂವರು, ನಮಗೆ ಕಾಣದ ಹೆಚ್ಚಿನ ಆಯಾಮಗಳಿದ್ದು ಗುರುತ್ವವು ಅವುಗಳಲ್ಲಿ ಹರಡಿ ಹೋಗುವುದರಿಂದ ದುರ್ಬಲವಾಗಿ ತೋರುತ್ತಿರಬಹುದೆಂದು ಊಹಿಸಿದರು. ಹಾಗಿದ್ದಲ್ಲಿ ಈ ಯಂತ್ರದಲ್ಲಿಯೇ ಕಿರುಗುಳಿಗಳು ಹುಟ್ಟಬಹುದೆಂದು 2001ರಲ್ಲಿ ಲೆಕ್ಕ ಹಾಕಿದವರುಂಟು.

ಹುಟ್ಟಿದರೆ ಗತಿಯೇನು? ಕಪ್ಪುಕುಳಿಯು ವಿಕಿರಣವನ್ನು ಸೂಸುತ್ತ ಕರಗುವುದೆಂದೂ, ಕಿರಿದಾದಷ್ಟೂ ಬೇಗ ಕರಗುವುದೆಂದೂ ಹಾಕಿಂಗ್ ಮಹಾಶಯರು 1974ರಲ್ಲಿ ತೋರಿಸಿದ್ದರು. ಇಂಥ ಕುಳಿಯಾದರೋ ಎವೆಯಿಕ್ಕುವ ಹೊತ್ತಿನ ಕೋಟಿ ಕೋಟಿಯ ಒಂದಂಶವೂ ಬಾಳಲಾರದು. ಆದರೆ ಆ ವಿಕಿರಣವನ್ನು ನಕ್ಷತ್ರಲೋಕದ ಯಾವ ಕುಳಿಯಲ್ಲಿಯೂ ಯಾರೂ ಕಂಡಿಲ್ಲ. ಸಿದ್ಧಾಂತವೇ ತಪ್ಪಾಗಿದ್ದರೆ?

ಇದಕ್ಕೆ ಉತ್ತರ ದೊರೆತುದು ಆಕಾಶದಲ್ಲಿ. ಯಂತ್ರದ ಡಿಕ್ಕಿಗಳನ್ನು ಮೀರಿದ ಡಿಕ್ಕಿಗಳನ್ನು ವಿಶ್ವಕಿರಣಗಳು ನಮ್ಮ ವಾಯುಮಂಡಲದಲ್ಲಿ ಅನಾದಿಯಿಂದ ನಡೆಸುತ್ತಿವೆ, ಭೂಮಿಯು ಉಳಿದಿದೆ. ಹಾಗೆ ಹುಟ್ಟಿದ ಕುಳಿಯು ಮಹಾವೇಗದಿಂದ ಭೂಮಿಯನ್ನು ತೂರಿ ಹೋದೀತು, ಯಂತ್ರದಲ್ಲಿ ಹುಟ್ಟಿದುದು ಮೆಲ್ಲನೆ ಚಲಿಸಿ ಇಲ್ಲಿಯೇ ನೆಲೆಸೀತು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ ಸರಿ. ಅದಕ್ಕಾಗಿ 2008ರಲ್ಲಿ ಗಿಡ್ಡಿಂಗ್ಸ್ ಮತ್ತು ಮಾಂಗಾನೋ ಎಂಬವರು ಶ್ವೇತಕುಬ್ಜ ನಕ್ಷತ್ರಗಳನ್ನೂ ನ್ಯೂಟ್ರಾನು ನಕ್ಷತ್ರಗಳನ್ನೂ ಪರಿಶೀಲಿಸಿದರು. ಶ್ವೇತಕುಬ್ಜದ ಒಂದು ಚಮಚ ದ್ರವ್ಯವು ಹಲವು ಟನ್ನು ತೂಗುವುದು. ಅಂಥ ದಟ್ಟಣೆಯಲ್ಲಿ ಎಷ್ಟೇ ವೇಗದ ಕುಳಿಯೂ ಸಿಕ್ಕಿಕೊಳ್ಳಲೇಬೇಕು, ನಕ್ಷತ್ರವನ್ನು ನುಂಗಲೇಬೇಕು. ಆದರೆ ಅವು ನೂರು ಕೋಟಿ ವರ್ಷಗಳಿಗೂ ಮೀರಿ ಬಾಳಿ ಇಂದಿಗೂ ಬೆಳಗುತ್ತಿವೆ.

ಪಿಂಡ ಬ್ರಹ್ಮಾಂಡಗಳ ಮಾತು ನಮ್ಮಲ್ಲಿ ಹಳೆಯದೆಂದು ಇವೆಲ್ಲವನ್ನೂ ನಮ್ಮ ಹಿರಿಯರು ಮೊದಲೇ ಬಲ್ಲವರಾಗಿದ್ದರೆನ್ನುವ ವಾಡಿಕೆಯು ನನಗೆ ಸಮ್ಮತವಲ್ಲ. ಶರಣರ ಅನುಭಾವಕ್ಕೆ ಯಂತ್ರದ ಸಾಕ್ಷಿ ಬೇಕಿಲ್ಲ.

2010ರಲ್ಲಿ ಪ್ರಬಲ ಸಂಘಟ್ಟಗಳು ಮೊದಲಾದುವು. ಕುಳಿ ಕರಗುವಾಗ ಒಮ್ಮೆಗೇ ಸಿಡಿಯಬೇಕಾದ ಅನೇಕ ಕಣಗಳ ಗುರುತನ್ನು ಅರಸಿದರು, ಮುಂದೆ ಶಕ್ತಿಯನ್ನು ಸುಮಾರು ಇಮ್ಮಡಿಸಿಯೂ ಅರಸಿದರು, ದೊರೆಯಲಿಲ್ಲ. ಇದರಿಂದ ಅಂಜಿದವರಿಗೆ ಸಮಾಧಾನವಾಯಿತು. ಹಲವು ವಿಜ್ಞಾನಿಗಳಿಗಾದರೋ ನಿರಾಶೆ. ದೊರೆತಿದ್ದರೆ ಮರೆಯಲ್ಲಿರುವ ಆಯಾಮಗಳೂ ಹಾಕಿಂಗರ ವಿಕಿರಣವೂ ಒಂದೇ ಏಟಿಗೆ ಕಣ್ಣಿಗೆ ಬೀಳುತ್ತಿದ್ದುವು.