ಗಾಲ್ಫ್ ಆಟದಲ್ಲಿ ಎಚ್ಚರ, ಮರ್ಯಾದೆ, ಅಭ್ಯಾಸ



ಗಾಲ್ಫ್ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ, ಇದು ಹಣವಂತರ ಆಟ, ನಮಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವವರು ಅನೇಕರುಂಟು. ಆ ಭಾವನೆಗೆ ಕಾರಣವಿಲ್ಲದೆ ಇಲ್ಲ. 1829ರಲ್ಲಿ ಕಲ್ಕತ್ತೆಯಲ್ಲಿ ಈ ಆಟದ ಸಂಘವನ್ನು ಕಟ್ಟಿದವರು ಬ್ರಿಟಿಷರು. 1876ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಇಂದಿಗೂ ಹೈಗ್ರೌಂಡ್ಸ್ ಪ್ರದೇಶದಲ್ಲಿ ನಡೆಯುತ್ತಿರುವ ಸಂಘವೂ ಅವರಿಂದಲೇ ಆದದ್ದು. ಕೋಲಾರದ ಚಿನ್ನದ ಗಣಿಗಳ ಅಧಿಕಾರಿಗಳು ತಮ್ಮ ಬಿಡುವಿನ ವೇಳೆಯನ್ನು ಇದರಲ್ಲಿ ಕಳೆದರು. ಆದರೆ ಕಾಲ ಬದಲಾಗಿದೆ. ನಮ್ಮ ನೆರೆಯ ದೇವನಹಳ್ಳಿ ತಾಲ್ಲೂಕಿನಲ್ಲಿ, ನಂದಿಬೆಟ್ಟ ಕಣ್ಣಿಗೆ ಕಾಣುವ ನೆಲದಲ್ಲಿಯೇ ಈಗ 18 ಕುಳಿಗಳ ಗಾಲ್ಫ್ ಮೈದಾನವಿದೆ. ಪದವೀಧರರೂ ಉದ್ಯೋಗಸ್ಥರೂ ಶಾಲೆಯ ಮಕ್ಕಳೂ ಈ ಆಟವನ್ನು ಕಲಿಯತೊಡಗಿದ್ದಾರೆ. ಕಲಿಯುವವರು ಹೆಚ್ಚಿದಂತೆ, ಹೇಗೆ ಆಡಬೇಕೆಂಬುದರ ಜೊತೆಗೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯೂ ಮುಖ್ಯವಾಗುತ್ತದೆ. ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಅದನ್ನೇ.

ನಾವಿರುವ ತ್ಯಾಮಗೊಂಡ್ಲಿನಂಥ ಊರಿನಲ್ಲಿ ಕೋಲಿನ ಆಟವೆಂದರೆ ಮೊದಲು ನೆನಪಿಗೆ ಬರುವುದು ಚಿನ್ನಿದಾಂಡು. ಅದಕ್ಕೂ ಗಾಲ್ಫಿಗೂ ದೂರದ ನೆಂಟಸ್ತಿಕೆಯನ್ನು ಹೇಳಬಹುದು. ಎರಡರಲ್ಲಿಯೂ ನೆಲದ ಮೇಲಿರುವ ಸಣ್ಣದೊಂದು ವಸ್ತುವನ್ನು ಕೋಲಿನಿಂದ ಹೊಡೆದು ದೂರಕ್ಕೆ ಕಳುಹಿಸಬೇಕು. ಚಿನ್ನಿಯನ್ನು ಹೊಡೆಯುವ ಹುಡುಗನು "ದೂರ ನಿಲ್ಲಿರೋ" ಎಂದು ಮೊದಲು ಕೂಗಿಯೇ ಕೈ ಎತ್ತುತ್ತಾನೆ. ಚಿನ್ನಿ ಕಣ್ಣಿಗೆ ತಗುಲಿದರೆ ಆಗುವ ಅನಾಹುತವನ್ನು ಅವನಿಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಗಾಲ್ಫ್ ಆಡುವ ವಿದ್ಯಾವಂತನು ಈ ಹುಡುಗನಿಗಿಂತ ಕಡಿಮೆ ಎಚ್ಚರ ವಹಿಸುವುದು ನ್ಯಾಯವಲ್ಲ.

ಆಟವನ್ನು ನೋಡದವರಿಗಾಗಿ ಎರಡು ಮಾತು. ವಿಶಾಲವಾದ ಹುಲ್ಲುನೆಲದಲ್ಲಿ 18 ಕುಳಿಗಳು. ಒಂದೊಂದು ಕುಳಿಗೂ ನೂರಾರು ಗಜಗಳ ದೂರದಿಂದ ಚೆಂಡನ್ನು ಹೊಡೆಯುತ್ತ ಹೋಗಿ, ಕೊನೆಗೆ ನುಣ್ಣಗೆ ಕತ್ತರಿಸಿದ ಹಸುರಿನ ಮೇಲೆ ಉರುಳಿಸಿ ಕುಳಿಗೆ ಕೆಡವಬೇಕು. ಕುಳಿಯ ಅಗಲ 108 ಮಿಲಿಮೀಟರು ಮಾತ್ರ. ಅತ್ಯಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಒಬ್ಬ ಆಟಗಾರನು 14 ಕೋಲುಗಳವರೆಗೆ ಒಯ್ಯಬಹುದು. ಈ ಆಟದ ಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಆದವು. ಅವು ಒಟ್ಟು 13. ಇಂದಿನ ನಿಯಮಗಳ ಪುಸ್ತಕ ಬಹಳ ದಪ್ಪವಾಗಿದೆ. 2019ರಲ್ಲಿ ಅದನ್ನು ಸರಳಗೊಳಿಸಿದಾಗ, ಪ್ರಾಮಾಣಿಕವಾಗಿ ನಡೆಯಬೇಕು, ಇತರರನ್ನು ಗೌರವಿಸಬೇಕು, ಮೈದಾನವನ್ನು ಜೋಪಾನ ಮಾಡಬೇಕು ಎಂಬ ಮಾತುಗಳನ್ನು ಮೊದಲ ನಿಯಮದಲ್ಲಿಯೇ ಸೇರಿಸಿದರು. ಹಿಂದೆ ನಿಯಮಗಳಿಂದ ಬೇರೆಯಾಗಿ ಅಚ್ಚಾಗುತ್ತಿದ್ದ ಸಭ್ಯತೆ ಹೀಗೆ ಆಟದ ಒಳಗೇ ಬಂದು ನಿಂತಿತು.

ಮೊದಲು ಎಚ್ಚರದ ಮಾತು. ಗಾಲ್ಫ್ ಚೆಂಡು ನೋಡಲು ನಿಂಬೆಯ ಹಣ್ಣಿನಷ್ಟು. ತೂಕ ಹೆಚ್ಚೆಂದರೆ 46 ಗ್ರಾಮಿನ ಒಳಗೆ. ಆದರೆ ಕಲ್ಲಿನಂತೆ ಗಟ್ಟಿ. ನುರಿತ ಆಟಗಾರನ ಉದ್ದ ಕೋಲಿನಿಂದ ಹೊರಟಾಗ ಅದರ ವೇಗ ಗಂಟೆಗೆ 250 ಕಿಲೋಮೀಟರನ್ನು ಮೀರುವುದುಂಟು. ಅಂಥ ಚೆಂಡು ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಕಣತಲೆಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಇಲ್ಲಿ ಒಂದು ವಿಚಿತ್ರವಿದೆ. ನಿಪುಣನ ಹೊಡೆತಕ್ಕಿಂತ ಹೊಸಬನ ಹೊಡೆತವೇ ಹೆಚ್ಚು ಅಪಾಯಕರ. ನಿಪುಣನ ಚೆಂಡು ಎಲ್ಲಿಗೆ ಹೋಗುವುದೆಂದು ಬಹುಮಟ್ಟಿಗೆ ಊಹಿಸಬಹುದು. ಹೊಸಬನದು ಅವನಿಗೇ ತಿಳಿಯದು. ಚೆಂಡು ಕೋಲಿನ ತಲೆಗೆ ತಗುಲದೆ ಅದರ ಬುಡಕ್ಕೆ ತಗುಲಿದರೆ, ಬಲಗೈ ಆಟಗಾರನ ಚೆಂಡು ಮುಂದಕ್ಕೆ ಹೋಗದೆ ಬಲಕ್ಕೆ ಅಡ್ಡಲಾಗಿ ಸಿಡಿಯುತ್ತದೆ. ಆದ್ದರಿಂದ ಹೊಡೆಯುವವನ ಮುಂದೆ ಪಕ್ಕಕ್ಕೆ ನಿಂತಿದ್ದೇವೆ, ನಮಗೇನೂ ಆಗದು ಎಂದು ಎಣಿಸತಕ್ಕದ್ದಲ್ಲ. ಚೆಂಡಿನ ಸಾಲಿಗಿಂತ ಹಿಂದೆ, ಕೋಲಿನ ಬೀಸು ತಲಪದಷ್ಟು ದೂರದಲ್ಲಿ, ಹೊಡೆಯುವವನಿಗೆ ಕಾಣುವಂತೆ ನಿಲ್ಲಬೇಕು.

ಹೊಡೆಯುವವನು ಮಾಡಬೇಕಾದದ್ದು ಇಷ್ಟು. ಅಭ್ಯಾಸಕ್ಕಾಗಿ ಗಾಳಿಯಲ್ಲಿ ಕೋಲು ಬೀಸುವಾಗಲೂ ಸುತ್ತ ನೋಡಬೇಕು. ಮುಂದಿನ ತಂಡದವರು ತನ್ನ ಅತ್ಯುತ್ತಮ ಹೊಡೆತಕ್ಕೂ ನಿಲುಕದಷ್ಟು ದೂರ ಹೋಗುವ ತನಕ ಕಾಯಬೇಕು. ಹುಲ್ಲು ಕತ್ತರಿಸುವವರು, ಕಳೆ ಕೀಳುವ ಹೆಣ್ಣಾಳುಗಳು ಮುಂದೆ ಇದ್ದರೆ, ಅವರು ಆಟಗಾರನನ್ನು ಕಂಡು ಪಕ್ಕಕ್ಕೆ ಸರಿದ ಮೇಲೆಯೇ ಹೊಡೆಯಬೇಕು. ಚೆಂಡು ಯಾರ ಕಡೆಗಾದರೂ ತಿರುಗಿದರೆ ಆ ಕ್ಷಣವೇ "ಫೋರ್" ಎಂದು ಗಟ್ಟಿಯಾಗಿ ಕೂಗಬೇಕು. ಇದು ಎಲ್ಲ ದೇಶಗಳ ಪದ್ಧತಿ. ಆದರೆ ಕಳೆ ಕೀಳುವ ಹೆಂಗಸಿಗೆ ಆ ಇಂಗ್ಲಿಷ್ ಕೂಗಿನ ಅರ್ಥ ಆಗಲೇಬೇಕೆಂದೇನಿದೆ? "ಚೆಂಡು ಬಂತು, ತಲೆ ಬಗ್ಗಿಸಿ" ಎಂದು ಕನ್ನಡದಲ್ಲಿಯೂ ಕೂಗುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಕೂಗನ್ನು ಕೇಳಿದವರು ಚೆಂಡು ಎಲ್ಲಿ ಎಂದು ಮುಖವೆತ್ತಿ ಹುಡುಕಬಾರದು. ಎರಡು ತೋಳುಗಳಿಂದ ತಲೆಯನ್ನು ಮುಚ್ಚಿಕೊಂಡು ಕುಗ್ಗಿ ಕೂರಬೇಕು.

ನಮ್ಮ ಸೀಮೆಗೆ ವಿಶೇಷವಾದ ಅಪಾಯಗಳೂ ಎರಡುಂಟು. ಒಂದು ಸಿಡಿಲು. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಮೇಲೆ ಬೆಂಗಳೂರಿನ ಸುತ್ತ ಗುಡುಗು ಮಳೆ ಹೇಳದೆ ಬರುತ್ತದೆ. ಬಯಲಿನ ನಡುವೆ ಲೋಹದ ಕೋಲು ಹಿಡಿದು ನಿಲ್ಲುವುದಕ್ಕೂ ಒಂಟಿ ಮರದಡಿ ಆಶ್ರಯ ಪಡೆಯುವುದಕ್ಕೂ ಅದು ಸಮಯವಲ್ಲ. ಗುಡುಗು ಕೇಳಿದೊಡನೆ ಆಟವನ್ನು ನಿಲ್ಲಿಸಿ ಕಟ್ಟಡಕ್ಕೋ ಬಾಗಿಲು ಮುಚ್ಚಿದ ಕಾರಿಗೋ ಸೇರಬೇಕು; ಮೈದಾನದ ತೆರೆದ ಗಾಡಿ ರಕ್ಷಣೆ ಕೊಡದು. ಕೊನೆಯ ಗುಡುಗಾದ ಮೇಲೆ 30 ನಿಮಿಷ ಕಾದು ಹೊರಡುವುದು ಕ್ಷೇಮ. ಎರಡನೆಯದು ಹಾವು. ಪೊದೆಗೆ ಬಿದ್ದ ಚೆಂಡಿಗಾಗಿ ಬರಿಗೈ ಹಾಕುವುದು ಬುದ್ಧಿವಂತಿಕೆಯಲ್ಲ. ನಾಗರ, ಕೊಳಕುಮಂಡಲಗಳು ಇರುವ ನೆಲ ಇದು. ಕೋಲಿನಿಂದ ಪೊದೆಯನ್ನು ಸರಿಸಿ ನೋಡಿ, ಕಾಣದಿದ್ದರೆ ಬಿಟ್ಟುಬಿಡುವುದೇ ಲೇಸು. ಹೇಗಿದ್ದರೂ ಈಗಿನ ನಿಯಮದಂತೆ ಹುಡುಕಲು ಇರುವ ಕಾಲ 3 ನಿಮಿಷ ಮಾತ್ರ.

ಇನ್ನು ಮರ್ಯಾದೆಯ ವಿಷಯ. ಒಬ್ಬನು ಹೊಡೆಯಲು ಸಿದ್ಧನಾದಾಗ ಉಳಿದವರು ಮಾತಾಡಬಾರದು, ಅಲುಗಾಡಬಾರದು. ಜೇಬಿನ ದೂರವಾಣಿಯ ಬಾಯಿ ಕಟ್ಟಿರಬೇಕು. ಹಸುರಿನ ಮೇಲೆ ಇನ್ನೊಬ್ಬನ ಚೆಂಡು ಉರುಳಬೇಕಾದ ದಾರಿಯನ್ನು ತುಳಿಯಬಾರದು. ತನ್ನ ನೆರಳೂ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಕೋಲಿನಿಂದ ಕಿತ್ತ ಹುಲ್ಲಿನ ಹೆಂಟೆಯನ್ನು ಅಲ್ಲಿಯೇ ಇಟ್ಟು ತುಳಿಯಬೇಕು, ಇಲ್ಲವೇ ಮರಳು ತುಂಬಬೇಕು. ಚೆಂಡು ಬಿದ್ದು ಹಸುರಿನಲ್ಲಾದ ಗುಳಿಯನ್ನು ಸರಿಪಡಿಸಬೇಕು. ಮರಳುಗುಂಡಿಯಿಂದ ಹೊರಬರುವಾಗ ಹೆಜ್ಜೆಯ ಗುರುತುಗಳನ್ನು ಹಲಬೆಯಿಂದ ಅಳಿಸಬೇಕು. ಇವೆಲ್ಲವೂ ಹಿಂದೆ ಬರುವ ಅಪರಿಚಿತನಿಗಾಗಿ ಮಾಡುವ ಕೆಲಸಗಳು. ಅವನು ನಮ್ಮನ್ನು ನೋಡುವುದಿಲ್ಲ, ಕೃತಜ್ಞತೆಯನ್ನೂ ಹೇಳುವುದಿಲ್ಲ. ಅರವಟಿಗೆಯಲ್ಲಿ ನೀರಿಟ್ಟು ಹೋದವರ ಮನೋಧರ್ಮ ಇದು. ನಮ್ಮ ನಾಡಿಗೆ ಹೊಸದಲ್ಲ.

ಕಾಲದ ಮರ್ಯಾದೆಯೂ ಒಂದುಂಟು. ತನ್ನ ಸರದಿ ಬಂದಾಗ 40 ಸೆಕೆಂಡುಗಳೊಳಗೆ ಹೊಡೆಯಬೇಕೆಂದು ನಿಯಮಗಳು ಸಲಹೆ ಮಾಡುತ್ತವೆ. ಇತರರು ಹೊಡೆಯುವಾಗಲೇ ತನ್ನ ಕೋಲನ್ನು ಆರಿಸಿಕೊಂಡಿದ್ದರೆ ಅಷ್ಟು ಕಾಲ ಧಾರಾಳ. ಹಿಂದಿನ ತಂಡದವರು ಬೇಗ ಬರುತ್ತಿದ್ದರೆ ಅವರನ್ನು ಮುಂದೆ ಬಿಡುವುದು ಸೋಲಲ್ಲ.

ಎಲ್ಲಕ್ಕಿಂತ ಮಿಗಿಲಾದ ಮರ್ಯಾದೆಯೆಂದರೆ ಲೆಕ್ಕದ ಪ್ರಾಮಾಣಿಕತೆ. ಸಾಮಾನ್ಯವಾದ ಆಟದಲ್ಲಿ ಆಟಗಾರನ ಜೊತೆ ತೀರ್ಪುಗಾರನಿರುವುದಿಲ್ಲ. ಪೊದೆಯ ಮರೆಯಲ್ಲಿ ಚೆಂಡು ಅಲುಗಿತೇ ಇಲ್ಲವೇ ಎಂಬುದನ್ನು ಬಲ್ಲವನು ಅವನೊಬ್ಬನೇ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರನು, ತಾನು ಹೊಡೆಯಲು ಸಿದ್ಧನಾದಾಗ ಚೆಂಡು ಕದಲಿತೆಂದು ತಾನಾಗಿಯೇ ಹೇಳಿ ಒಂದು ಹೊಡೆತದ ದಂಡವನ್ನು ತನ್ನ ಮೇಲೆ ಹಾಕಿಕೊಂಡನು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆ ಒಂದು ಹೊಡೆತದಿಂದ ಪಂದ್ಯ ಸಮವಾಯಿತು. ಮರು ಆಟದಲ್ಲಿ ಅವನು ಸೋತನು. ಆ ವರ್ಷದ ಬಹುಮಾನ ವಿಲಿ ಮ್ಯಾಕ್‌ಫಾರ್ಲೇನನದಾಯಿತು. ಆದರೆ ಇಂದಿಗೂ ಆ ಪಂದ್ಯದ ಮಾತು ಬಂದಾಗ ಜನ ನೆನೆಯುವುದು ಸೋತವನನ್ನು.

ಈಗ ಆಟವನ್ನು ಸುಧಾರಿಸಿಕೊಳ್ಳುವ ಬಗೆ. ಹವ್ಯಾಸಿಗೆ ಇರುವ ಮೋಹವೆಲ್ಲ ದೂರದ ಹೊಡೆತದ ಮೇಲೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 72 ಹೊಡೆತಗಳ ಮೈದಾನವೆಂದರೆ ಒಂದೊಂದು ಹಸುರಿನ ಮೇಲೂ ಎರಡೆರಡು ಉರುಳು ಹೊಡೆತಗಳೆಂದು ಎಣಿಸಲಾಗಿದೆ. ಹದಿನೆಂಟನ್ನು ಎರಡರಿಂದ ಗುಣಿಸಿದರೆ 36; ಅಂದರೆ ಒಟ್ಟಿನಲ್ಲಿ ಅರ್ಧ. ಹೀಗಿದ್ದೂ ಅಭ್ಯಾಸದ ಸಮಯದಲ್ಲಿ ಅರ್ಧವನ್ನು ಉರುಳು ಹೊಡೆತಕ್ಕೆ ಕೊಡುವವರು ಎಷ್ಟು ಮಂದಿ?

ಇದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಸಾಕು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ದೂರ ಹೊಡೆಯುವುದರಲ್ಲಿ ಅವರು ಹಿಂದಿನ ಸಾಲಿನವರು. ಆದರೂ ಹಸುರಿನ ಮೇಲಿನ ನಿಪುಣತೆಯಿಂದ ನಾಲ್ಕು ದಿನಗಳ ಆಟವನ್ನು 269 ಹೊಡೆತಗಳಲ್ಲಿ ಮುಗಿಸಿ, ಜಗತ್ತಿನ ಹೆಸರಾಂತ ಆಟಗಾರ್ತಿಯರ ನಡುವೆ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಆ ನಾಲ್ಕು ದಿನಗಳೂ ಮಗಳ ಕೋಲಿನ ಚೀಲವನ್ನು ಹೊತ್ತು ನಡೆದವರು ಅವರ ತಾಯಿ. ತೋಳಿನ ಬಲ ಕಡಿಮೆಯಾಯಿತೆಂದು ಕೊರಗುವ ಹವ್ಯಾಸಿಗೆ ಇದಕ್ಕಿಂತ ಧೈರ್ಯದ ಮಾತು ಬೇಕಿಲ್ಲ.

ಹೊಸಬರು ಮೊದಲು ಒಬ್ಬ ಗುರುವಿನಿಂದ ಹಿಡಿತವನ್ನೂ ನಿಲುವನ್ನೂ ಕಲಿಯಬೇಕು. ತಪ್ಪು ಹಿಡಿತ ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ. ಕೋಲನ್ನು ಹಕ್ಕಿಮರಿಯಂತೆ ಹಿಡಿಯಬೇಕು, ಜಾರಿ ಹೋಗಲೂ ಕೂಡದು, ಉಸಿರು ಕಟ್ಟಲೂ ಕೂಡದು. ಅಭ್ಯಾಸದಲ್ಲಿ ಕಾಲಿನ ಬಳಿ ಒಂದು ಕೋಲನ್ನು ಗುರಿಯ ಕಡೆಗೆ ನೆಲದ ಮೇಲೆ ಇಟ್ಟುಕೊಂಡರೆ, ತಾವು ನೋಡುತ್ತಿರುವ ದಿಕ್ಕಿಗೂ ನಿಂತಿರುವ ದಿಕ್ಕಿಗೂ ಇರುವ ಅಂತರ ತಾನಾಗಿಯೇ ತಿಳಿಯುತ್ತದೆ. ದಿನವೂ ಮೂರಡಿ ದೂರದಿಂದ ಐವತ್ತು ಚೆಂಡುಗಳನ್ನು ಕುಳಿಗೆ ಉರುಳಿಸಬೇಕು. ಚೆಂಡು ಮರಗಳ ನಡುವೆ ಸಿಕ್ಕಿಕೊಂಡಾಗ, ಎಲೆಗಳ ಸಂದಿನಿಂದ ಪವಾಡ ಮಾಡಲು ಹೋಗದೆ ಪಕ್ಕಕ್ಕೆ ಹೊಡೆದು ಬಯಲಿಗೆ ಬರಬೇಕು. ಹೀಗೆ ಮಾಡಿದರೆ ನಷ್ಟ ಒಂದು ಹೊಡೆತ. ಹಟ ಮಾಡಿದರೆ ನಾಲ್ಕು.

ಒಂದು ಸಣ್ಣ ಪುಸ್ತಕವನ್ನೂ ಇಟ್ಟುಕೊಳ್ಳಬೇಕು. ಎಷ್ಟು ಉರುಳು ಹೊಡೆತ, ಎಷ್ಟು ಚೆಂಡು ಕಳೆದವು, ಎಷ್ಟು ದಂಡವೆಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯು ಆಟಗಾರನ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ಆರಿಸಿ ಅವನ ಮಟ್ಟವನ್ನು ಗೊತ್ತುಮಾಡುತ್ತದೆ. ಅಂಕಿ ಸುಳ್ಳಾದರೆ ಮಟ್ಟವೂ ಸುಳ್ಳು. ತನ್ನ ರೋಗವನ್ನು ವೈದ್ಯನಿಂದ ಮುಚ್ಚಿಟ್ಟ ಹಾಗೆ. ಹೀಗೆ ಪ್ರಾಮಾಣಿಕತೆಯೇ ಅಭ್ಯಾಸದ ಅಡಿಗಲ್ಲಾಗುತ್ತದೆ. ಸುತ್ತ ನೋಡಿ ಹೊಡೆಯುವವನು ಅವಸರ ಪಡುವುದಿಲ್ಲ. ಅವಸರ ಪಡದವನ ಬೀಸು ಕೆಡುವುದಿಲ್ಲ. ಎಚ್ಚರ, ಮರ್ಯಾದೆ, ಅಭ್ಯಾಸಗಳೆಂದು ನಾವು ಮೂರಾಗಿ ಹೇಳಿದ್ದು ವಿವರಣೆಯ ಅನುಕೂಲಕ್ಕಾಗಿ. ಆಟದಲ್ಲಿ ಅವು ಒಂದೇ ಗುಣ.

ಕೊನೆಯದಾಗಿ, ಚೀಲ ಹೊತ್ತು ನಡೆಯುವ ಕ್ಯಾಡಿಯ ಮಾತನ್ನು ಹೇಳದೆ ಮುಗಿಸುವುದು ಸರಿಯಲ್ಲ. ಮೈದಾನದ ಸುತ್ತಲಿನ ಹಳ್ಳಿಗಳಿಂದ ಬರುವ ಇವರಲ್ಲಿ ಅನೇಕರಿಗೆ ಆ ದಿನದ ಆಟವೇ ಆ ದಿನದ ಕೂಲಿ. ಚೆಂಡು ಎಲ್ಲಿ ಬೀಳುವುದೆಂದು ನೋಡಲು ಮುಂದೆ ಹೋಗಿ ನಿಲ್ಲುವವನು ಅವನು. ದಾರಿ ತಪ್ಪಿದ ಚೆಂಡಿಗೆ ಮೊದಲು ಸಿಕ್ಕುವವನೂ ಅವನೇ. ಅವನಿಗೆ ಪೆಟ್ಟಾದರೆ ಮನೆಯ ಒಲೆ ಆರುತ್ತದೆ. ಆದ್ದರಿಂದ ಅವನು ಸುರಕ್ಷಿತ ಸ್ಥಳವನ್ನು ಸೇರುವ ತನಕ ಕೋಲನ್ನು ಎತ್ತಬಾರದು. ಹೊಡೆತ ಕೆಟ್ಟಾಗ ಅವನ ಮೇಲೆ ರೇಗಬಾರದು. ಅವನ ಹೆಸರನ್ನು ಕೇಳಿ ತಿಳಿದುಕೊಂಡು ಆ ಹೆಸರಿನಿಂದ ಕರೆಯಬೇಕು. ಬಿಡದಿಯ ಬಳಿಯ ಗಾಲ್ಫ್ ಮೈದಾನದ ನೆರೆಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪನವರು ಇಂದು ದೇಶದ ಹೆಸರಾಂತ ವೃತ್ತಿ ಆಟಗಾರರಲ್ಲಿ ಒಬ್ಬರಾಗಿದ್ದಾರೆ. ನಮ್ಮ ಚೀಲ ಹೊತ್ತ ಹುಡುಗನು ನಮಗಿಂತ ಚೆನ್ನಾಗಿ ಆಡಬಲ್ಲವನಾಗಿರಬಹುದೆಂಬುದನ್ನು ನೆನಪಿಡುವುದು ಒಳ್ಳೆಯದು.

ಮಾತನ್ನು ಆಡಿಬಿಟ್ಟರೆ ಹಿಂದಕ್ಕೆ ತರಲಾಗದೆಂದು ಹಿರಿಯರು ಹೇಳುತ್ತಾರೆ. ಹೊಡೆದ ಚೆಂಡೂ ಹಾಗೆಯೇ. ಕೋಲನ್ನು ಎತ್ತುವ ಮುನ್ನ ಒಮ್ಮೆ ಮುಂದೆ, ಒಮ್ಮೆ ಪಕ್ಕಕ್ಕೆ, ಒಮ್ಮೆ ಹಿಂದೆ ನೋಡಿ, ಆಮೇಲೆ ಹೊಡೆಯಿರಿ.