ಭೂಕಂಪದ ಪಾಠ, ಪ್ರಮಾಣದ ಪಾಠ: ವಿಜ್ಞಾನಾಧ್ಯಾಪಕರ ಸಮ್ಮೇಳನದ ಅಧ್ಯಕ್ಷ ಭಾಷಣ



1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಚಾರಗಳನ್ನು ಕನ್ನಡದಲ್ಲಿಯೇ ನಿರೂಪಿಸುವ ಯಾವ ಮಹತ್ಕಾರ್ಯದಲ್ಲಿ ತೊಡಗಿದರೋ, ಆ ಕಾರ್ಯವನ್ನು ಪ್ರತಿದಿನವೂ ತರಗತಿಯ ನಾಲ್ಕು ಗೋಡೆಗಳ ನಡುವೆ ಮುಂದುವರಿಸುತ್ತಿರುವವರು ಉಪಾಧ್ಯಾಯ ಬಂಧುಗಳಾದ ನೀವು. ವಿಜ್ಞಾನ ಶಿಕ್ಷಣದ ಸಮಸ್ತ ಸಮಸ್ಯೆಗಳನ್ನೂ ಒಂದೇ ಉಪನ್ಯಾಸದಲ್ಲಿ ಪ್ರಸ್ತಾಪಿಸುವುದಕ್ಕಿಂತ, ನಾವೆಲ್ಲರೂ ಬೋಧಿಸತಕ್ಕ ಒಂದು ಪಾಠವನ್ನು, ಅಂದರೆ ಭೂಕಂಪ ಮತ್ತು ಭೂಫಲಕಗಳ ಪಾಠವನ್ನು, ಎತ್ತಿಕೊಂಡು ಅದನ್ನು ಹೇಗೆ ಕಲಿಸಿದರೆ ಅದು ವಿಜ್ಞಾನದ ಪಾಠವೆನಿಸೀತು ಎಂಬುದನ್ನು ವಿವೇಚಿಸುವುದು ಉಚಿತವೆಂದು ಭಾವಿಸಿದ್ದೇನೆ.

ಭೂಮಿಯ ಹೊರಪದರವು ಅನೇಕ ಫಲಕಗಳಾಗಿ ವಿಭಕ್ತವಾಗಿದೆ. ಆ ಫಲಕಗಳು ಚಲಿಸುತ್ತವೆ. ಅವುಗಳ ಅಂಚಿನಲ್ಲಿ ಘರ್ಷಣೆಯಾಗಿ ಭೂಕಂಪಗಳು ಸಂಭವಿಸುತ್ತವೆ. ಈ ಮೂರು ವಾಕ್ಯಗಳನ್ನು ಕಂಠಪಾಠಮಾಡಿದ ಬಾಲಕನು ಪರೀಕ್ಷೆಯಲ್ಲಿ ಪೂರ್ಣಾಂಕಗಳನ್ನು ಪಡೆಯುತ್ತಾನೆ. ಆದರೆ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಯಾರಾದರೂ ಕೇಳಿದರೆ ಪುಸ್ತಕದಲ್ಲಿ ಬರೆದಿದೆ ಎಂಬುದರ ಹೊರತು ಬೇರೆ ಉತ್ತರ ಅವನಲ್ಲಿಲ್ಲ. ಪುಸ್ತಕವನ್ನು ನಂಬಿ ಹೇಳಿದ ಸತ್ಯವೂ ನಂಬಿಕೆಯೇ ಆಗುತ್ತದೆ. ಪ್ರಮಾಣವನ್ನು ಕಂಡು ಒಪ್ಪಿದ ಸತ್ಯ ಮಾತ್ರ ವಿಜ್ಞಾನವಾಗುತ್ತದೆ. ಆದುದರಿಂದ ಸಿದ್ಧಾಂತದೊಡನೆ ಆ ಸಿದ್ಧಾಂತಕ್ಕೆ ಮನುಷ್ಯರು ನಡೆದು ಬಂದ ದಾರಿಯನ್ನೂ ತೋರಿಸಬೇಕೆಂಬುದೇ ನನ್ನ ಇಂದಿನ ನಿವೇದನೆಯ ಸಾರ.

ಆ ದಾರಿಯ ಒಂದು ಮುಖ್ಯ ಘಟ್ಟ ನಮ್ಮ ದೇಶದಲ್ಲಿಯೇ ಇದೆ. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಸಂಭವಿಸಿದ ಮಹಾಭೂಕಂಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಿಚರ್ಡ್ ಓಲ್ಡ್‌ಹ್ಯಾಮನು ಸೂಕ್ಷ್ಮವಾಗಿ ಪರಿಶೀಲಿಸಿ 1899ರಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಅದೇ ಕಂಪನವು ಸಹಸ್ರಾರು ಮೈಲಿ ದೂರದ ಯೂರೋಪಿನ ಉಪಕರಣಗಳಲ್ಲಿ ಮೂಡಿಸಿದ್ದ ರೇಖೆಗಳನ್ನು ಆತನು ಪರೀಕ್ಷಿಸಿ, ಮೊದಲು ಬರುವ ಪ್ರಾಥಮಿಕ ತರಂಗ, ತರುವಾಯ ಬರುವ ದ್ವಿತೀಯಕ ತರಂಗ, ಕಡೆಗೆ ನೆಲದ ಮೇಲ್ಮೈಯನ್ನನುಸರಿಸಿ ಬರುವ ತರಂಗ ಎಂದು ಮೂರು ಬಗೆಗಳನ್ನು ಪ್ರತ್ಯೇಕಿಸಿದನು. ಬಹು ದೂರದ ಕೇಂದ್ರಗಳಿಗೆ ತರಂಗಗಳು ನಿರೀಕ್ಷೆಗಿಂತ ತಡವಾಗಿ ತಲಪುವುದನ್ನು ಗಮನಿಸಿ, ಭೂಮಿಯ ಒಡಲಿನಲ್ಲಿ ಬೇರೊಂದು ದ್ರವ್ಯದ ತಿರುಳು ಇದೆಯೆಂದು 1906ರಲ್ಲಿ ಅನುಮಾನಿಸಿದವನೂ ಅವನೇ. ಯಾವ ಮನುಷ್ಯನೂ ಇಳಿಯಲಾರದ ಆಳದಲ್ಲಿ ಇರುವುದೇನೆಂಬುದನ್ನು ಕೇವಲ ಕಾಲಗಣನೆಯಿಂದ ನಿರ್ಣಯಿಸಿದ ಈ ತರ್ಕಕ್ಕಿಂತ ಮಿಗಿಲಾದ ಕಥೆಯನ್ನು ನಾವು ಮಕ್ಕಳಿಗೆ ಹೇಳಬಲ್ಲೆವೆ?

ಭೂಫಲಕಗಳ ವಿಚಾರವೂ ಹೀಗೆಯೇ. ಖಂಡಗಳು ಸ್ಥಳಾಂತರ ಹೊಂದುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೇಗೆನರನು 1912ರಲ್ಲಿ ಪ್ರತಿಪಾದಿಸಿದನು. ಗ್ಲಾಸೊಪ್ಟೆರಿಸ್ ಎಂಬ ಪ್ರಾಚೀನ ಸಸ್ಯದ ಎಲೆಯಚ್ಚುಗಳು ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಒಂದೇ ಸಮನಾಗಿ ದೊರೆಯುತ್ತಿದ್ದುವು. ಈ ನೆಲಗಳೆಲ್ಲ ಹಿಂದೆ ಒಂದುಗೂಡಿದ್ದುವೆಂದು ಊಹಿಸಲಾದ ಮಹಾಖಂಡಕ್ಕೆ ನಮ್ಮ ಗೊಂಡರ ನಾಡಿನಿಂದಲೇ ಗೊಂಡ್ವಾನ ಎಂಬ ಹೆಸರೂ ಬಂದಿತ್ತು. ಆದರೂ ಇಷ್ಟು ಬೃಹತ್ತಾದ ನೆಲವನ್ನು ಸರಿಸುವ ಶಕ್ತಿ ಯಾವುದೆಂಬ ಪ್ರಶ್ನೆಗೆ ಅವನು ಸಮರ್ಪಕವಾದ ಉತ್ತರವನ್ನು ಕೊಡಲಾಗದ್ದರಿಂದ ಬಹುಮಂದಿ ಭೂವಿಜ್ಞಾನಿಗಳು ಅವನ ವಾದವನ್ನು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವನು ಅಸುನೀಗಿದಾಗಲೂ ವಾದ ಇತ್ಯರ್ಥವಾಗಿರಲಿಲ್ಲ. ಅದನ್ನು ಇತ್ಯರ್ಥಗೊಳಿಸಿದ್ದು ಸಾಗರತಳ. ಸಮುದ್ರದ ನಡುವಿನ ಪರ್ವತಶ್ರೇಣಿಗಳಲ್ಲಿ ಹೊಸ ಶಿಲೆ ಹುಟ್ಟಿ ಇಬ್ಬದಿಗೂ ಸರಿಯುತ್ತದೆಂದು ಹ್ಯಾರಿ ಹೆಸ್ಸನು 1962ರಲ್ಲಿ ಸೂಚಿಸಿದನು. ಹಾಗಿದ್ದಲ್ಲಿ ಭೂಕಾಂತತ್ವದ ದಿಕ್ಕು ಕಾಲಕಾಲಕ್ಕೆ ತಿರುಗುಮುರುಗಾದುದರ ಗುರುತು ಆ ಶಿಲೆಯಲ್ಲಿ ಇಬ್ಬದಿಯಲ್ಲಿಯೂ ಸಮರೂಪದ ಪಟ್ಟಿಗಳಾಗಿ ಉಳಿದಿರಬೇಕೆಂದು ವೈನ್ ಮತ್ತು ಮ್ಯಾಥ್ಯೂಸರು 1963ರಲ್ಲಿ ತರ್ಕಿಸಿದರು; ಅಳೆದು ನೋಡಿದಾಗ ಪಟ್ಟಿಗಳು ಹಾಗೆಯೇ ಇದ್ದುವು. ಊಹೆ, ಊಹೆಯಿಂದ ಹೊರಡುವ ನಿರೀಕ್ಷೆ, ನಿರೀಕ್ಷೆಯ ಪರೀಕ್ಷೆ ಎಂಬ ಪ್ರಯೋಗವಿಧಾನದ ಮೂರು ಮೆಟ್ಟಿಲುಗಳು ಇಲ್ಲಿ ಎಷ್ಟು ಸ್ಪಷ್ಟವಾಗಿವೆ ಎಂಬುದನ್ನು ಗಮನಿಸಬೇಕು.

ಇವೆಲ್ಲ ದೂರದ ಸಮುದ್ರದ ಮಾತೆಂದು ಮಕ್ಕಳಿಗೆ ತೋರಕೂಡದು. ಮಲ್ಪೆಯ ಸಮೀಪದ ಸೇಂಟ್ ಮೇರಿಸ್ ದ್ವೀಪದಲ್ಲಿ ಸಾಲುಸಾಲಾಗಿ ನಿಂತಿರುವ ಷಟ್ಕೋನಾಕೃತಿಯ ಶಿಲಾಸ್ತಂಭಗಳು, ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಶಿಲೆಗಳು. ಉಡುಪಿಯ ಬಾಲಕನು ದೋಣಿಯೇರಿ ಹೋಗಿ ಕೈಯಿಂದ ಮುಟ್ಟಿ ನೋಡಬಹುದಾದ ಸಾಕ್ಷ್ಯ ಅವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿನ ಉಪಗ್ರಹಮಾಪನ ಕೇಂದ್ರವು ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಾಭಿಮುಖವಾಗಿ ಸರಿಯುತ್ತಿರುವುದನ್ನು ತೋರಿಸಿದೆ. ಈ ವೇಗದಲ್ಲಿ ಹತ್ತು ಲಕ್ಷ ವರ್ಷಗಳಲ್ಲಿ ಎಷ್ಟು ದೂರವಾಯಿತೆಂದು ಮಕ್ಕಳೇ ಗುಣಿಸಲಿ. 50 ಕಿಲೋಮೀಟರು ಎಂಬ ಉತ್ತರ ಬಂದಾಗ, ಹಿಮಾಲಯವು ಏಕೆ ಎದ್ದಿತೆಂಬುದೂ, 1934ರಲ್ಲಿ ಬಿಹಾರವೂ 1950ರಲ್ಲಿ ಅಸ್ಸಾಮೂ ಏಕೆ ನಡುಗಿದುವೆಂಬುದೂ ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ತರಗತಿಯ ಪ್ರಯೋಗಕ್ಕೆ ಬರೋಣ. ಉಪಕರಣಗಳಿಲ್ಲವೆಂಬ ಕೊರಗು ನಮ್ಮ ಅನೇಕ ಶಾಲೆಗಳಲ್ಲಿ ನಿಜವಾದದ್ದೇ. ಆದರೆ ಈ ಪಾಠಕ್ಕೆ ಬೇಕಾದದ್ದು ಒಂದು ಇಟ್ಟಿಗೆ, ಒಂದು ಹಾಳೆ ಉಪ್ಪುಕಾಗದ, ಒಂದು ರಬ್ಬರು ಪಟ್ಟಿ, ಒಂದು ಅಳತೆಪಟ್ಟಿ. ಉಪ್ಪುಕಾಗದದ ಮೇಲಿರಿಸಿದ ಇಟ್ಟಿಗೆಯನ್ನು ರಬ್ಬರಿನಿಂದ ಮೆಲ್ಲಮೆಲ್ಲನೆ ಎಳೆದರೆ, ಇಟ್ಟಿಗೆ ಬಹಳ ಹೊತ್ತು ಕದಲದೆ ನಿಂತು, ರಬ್ಬರು ಸಾಕಷ್ಟು ಹಿಗ್ಗಿದ ಮೇಲೆ ಥಟ್ಟನೆ ಮುಂದಕ್ಕೆ ಹಾರುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಸ್ತರಭಂಗದ ಎರಡು ಪಕ್ಕದ ಬೇಲಿಗಳು ಸರಿದು ನಿಂತುದನ್ನು ಅಳೆದು, ಬಾಗಿದ ಶಿಲೆ ಹಠಾತ್ತನೆ ಬಿಡುಗಡೆ ಹೊಂದುವುದೇ ಭೂಕಂಪವೆಂದು ಹ್ಯಾರಿ ರೀಡನು 1910ರಲ್ಲಿ ಹೇಳಿದ್ದು ಇದನ್ನೇ. ಪ್ರತಿ ನೆಗೆತಕ್ಕೂ ಮೊದಲು ರಬ್ಬರು ಎಷ್ಟು ಹಿಗ್ಗಿತೆಂದು ಮಕ್ಕಳು ಬರೆದಿಡಲಿ. ಭಾರವನ್ನು ಮಾತ್ರ ಬದಲಿಸಿ, ಉಳಿದುದನ್ನೆಲ್ಲ ಹಾಗೆಯೇ ಇರಿಸಿ, ಮತ್ತೊಮ್ಮೆ ಮಾಡಲಿ. ಒಂದು ಅಂಶವನ್ನು ಬದಲಿಸಿ ಇತರ ಅಂಶಗಳನ್ನು ಸ್ಥಿರವಾಗಿರಿಸುವ ನಿಯಮ ಆಗ ಅವರ ಕೈಗೆ ಬರುತ್ತದೆ. ಅಂಕಿಗಳು ಸಮನಾಗಿ ಬರುವುದಿಲ್ಲವೆಂಬುದನ್ನು ಕಂಡು ಅವರು ಖಿನ್ನರಾದರೆ, ಅದೇ ಈ ಪ್ರಯೋಗದ ಪರಮಪ್ರಯೋಜನವೆಂದು ಹೇಳಿರಿ: ನೆಗೆತ ಬರುವುದು ನಿಶ್ಚಯ, ಬರುವ ಕ್ಷಣ ಅನಿಶ್ಚಿತ, ಭೂಕಂಪದ ದಿನವನ್ನು ಮುಂದಾಗಿ ಸಾರುವವರ ಮಾತನ್ನು ಏಕೆ ನಂಬಬಾರದೆಂಬುದಕ್ಕೆ ಅವರ ಟಿಪ್ಪಣಿಪುಸ್ತಕವೇ ಉತ್ತರ ಕೊಡುತ್ತದೆ.

ಎರಡನೆಯ ಅಭ್ಯಾಸಕ್ಕೆ ಕೈವಾರವೊಂದೇ ಸಾಕು. ಸಮೀಪದ ಭೂಕಂಪದಲ್ಲಿ ಪ್ರಾಥಮಿಕ ಮತ್ತು ದ್ವಿತೀಯಕ ತರಂಗಗಳ ಆಗಮನದ ನಡುವಿನ ಪ್ರತಿಯೊಂದು ಸೆಕೆಂಡಿಗೂ ಸುಮಾರು 8 ಕಿಲೋಮೀಟರು ದೂರವೆಂದು ಎಣಿಸಬಹುದು. 25 ಸೆಕೆಂಡು ಅಂತರವಾದರೆ ಸುಮಾರು 200 ಕಿಲೋಮೀಟರು. ಮೂರು ಊರುಗಳನ್ನು ಕೇಂದ್ರವಾಗಿಟ್ಟು, ಹೀಗೆ ದೊರೆತ ದೂರಗಳನ್ನು ತ್ರಿಜ್ಯವಾಗಿಸಿ ಮೂರು ವೃತ್ತಗಳನ್ನು ಭೂಪಟದ ಮೇಲೆ ಎಳೆದರೆ ಅವು ಕೂಡುವಲ್ಲಿಯೇ ಮೇಲ್ಕೇಂದ್ರ. ನಮ್ಮ ಗೌರಿಬಿದನೂರಿನಲ್ಲಿ, ಭೂಗರ್ಭದಲ್ಲಿ ನಡೆಸಿದ ಪರಮಾಣು ಸ್ಫೋಟಗಳನ್ನು ಗುರುತಿಸುವ ಸಲುವಾಗಿ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಸಮೂಹವೂ ಇದೇ ತರಂಗಗಳ ಭಾಷೆಯನ್ನು ಓದುತ್ತದೆಂದು ತಿಳಿದಾಗ, ರೇಖಾಗಣಿತದ ಆ ವೃತ್ತಗಳಿಗೆ ಜೀವ ಬರುತ್ತದೆ.

ಈ ವಿದ್ಯೆ ಕೇವಲ ಕುತೂಹಲದ ವಿದ್ಯೆಯಲ್ಲ. ದಕ್ಷಿಣದ ಪ್ರಾಚೀನ ಪೀಠಭೂಮಿ ಅಚಲವೆಂಬ ಭಾವನೆಯನ್ನು 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದ ಭೂಕಂಪವು ಅಲುಗಿಸಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಗೆ ಸಮೀಪವಾದ ಕಿಲ್ಲಾರಿಯಲ್ಲಿ, ಭೂಕಂಪದ ಭಯ ಅತ್ಯಲ್ಪವೆಂದು ನಕ್ಷೆಯಲ್ಲಿ ಗುರುತಿಸಿದ್ದ ನೆಲವೇ ನಡುಗಿ, ಸುಮಾರು ಹತ್ತು ಸಾವಿರ ಜನ ಮಡಿದರು. ಆ ಕಂಪನದ ಪರಿಮಾಣ ಸುಮಾರು 6.2 ಮಾತ್ರ. ಮಣ್ಣಿನ ಗಾರೆಯಲ್ಲಿ ಕಲ್ಲುಗಳನ್ನು ಪೇರಿಸಿದ ದಪ್ಪ ಗೋಡೆಗಳು, ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಉರುಳಿದ್ದೇ ಆ ಮೃತ್ಯುವಿನ ಮುಖ್ಯ ಕಾರಣ. ಗೋಡೆಯ ಮೂಲೆಗಳನ್ನು ಬಂಧಿಸಬೇಕು, ಅಡ್ಡಗಲ್ಲುಗಳನ್ನು ಹಾಕಬೇಕು, ಕಿಟಕಿಯ ಮೇಲೆ ಸುತ್ತಲೂ ಒಂದು ಗಟ್ಟಿಯಾದ ಪಟ್ಟಿಯನ್ನು ಓಡಿಸಬೇಕು ಎಂಬ ತಿಳಿವಳಿಕೆ ನಾಳೆ ಮನೆ ಕಟ್ಟುವ ಇಂದಿನ ವಿದ್ಯಾರ್ಥಿಗೆ ನಮ್ಮ ಪಾಠದಿಂದಲೇ ದೊರೆಯಬೇಕು.

ಆದುದರಿಂದ ಈ ಸಮ್ಮೇಳನವು ಮೂರು ಕಾರ್ಯಗಳನ್ನು ಕೈಗೊಳ್ಳಲೆಂದು ಪ್ರಾರ್ಥಿಸುತ್ತೇನೆ. ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿ ‘ಏನು’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಹೇಗೆ ತಿಳಿಯಿತು’ ಎಂಬ ಪ್ರಶ್ನೆಗೂ ಸ್ಥಾನ ದೊರೆಯುವಂತೆ ಅಧಿಕಾರಿಗಳನ್ನು ಒತ್ತಾಯಿಸೋಣ. ಇಟ್ಟಿಗೆ ಕೈವಾರಗಳಂತಹ ಸುಲಭಸಾಧನಗಳಿಂದ ಮಾಡಬಹುದಾದ ಪ್ರಯೋಗಗಳನ್ನು ಸಂಗ್ರಹಿಸಿ, ಪ್ರತಿಯೊಂದು ಶಾಲೆಗೂ ಕನ್ನಡದಲ್ಲಿ ಒದಗಿಸೋಣ. ಪ್ರತಿ ವರ್ಷವೂ ಒಂದು ದಿನ, ಮಕ್ಕಳೊಡನೆ ನಮ್ಮ ಶಾಲೆಯ ಕಟ್ಟಡವನ್ನೇ ಪರೀಕ್ಷಿಸಿ, ಅದರ ದುರ್ಬಲ ಸ್ಥಾನಗಳನ್ನು ಬರೆದು ಊರಿನವರ ಮುಂದಿಡೋಣ. ಪ್ರಮಾಣವನ್ನು ಕೇಳಲು ಕಲಿತ ಪ್ರಜೆಗಳಿರುವ ನಾಡಿನಲ್ಲಿ ವಿಜ್ಞಾನ ತಾನಾಗಿಯೇ ಬೆಳೆಯುತ್ತದೆ. ಅಂತಹ ಪ್ರಜೆಗಳನ್ನು ರೂಪಿಸುವ ಅಧಿಕಾರವೂ ಹೊಣೆಯೂ ನಿಮ್ಮದು. ಅದು ನಿಮ್ಮಿಂದ ಸಿದ್ಧಿಸಲೆಂದು ಹಾರೈಸುತ್ತೇನೆ.