ಕಾಯಕ ಕೆಟ್ಟರೆ ದಾಸೋಹ ಉಳಿದೀತೆ?

(ಮಠದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಈ ತಿಂಗಳ ಗೋಷ್ಠಿಗೆ 'ಕಾಯಕ ಮತ್ತು ಕಾನೂನು' ಎಂಬ ವಿಷಯ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಅಮೆರಿಕದ ಒಂದು ಔಷಧ ಕಂಪನಿ. ನಮ್ಮ ಗೋಷ್ಠಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇಪ್ಪತ್ತೆರಡು ವರ್ಷ ನಾನು ಔಷಧ ಕಂಪನಿಯ ಪ್ರತಿನಿಧಿಯಾಗಿ, ಬ್ಯಾಗು ಹಿಡಿದು ಡಾಕ್ಟರರ ಬಾಗಿಲಲ್ಲಿ ಕಾದವನು. ಹಾಗಾಗಿ ಆ ಕಥೆ ನನಗೆ ದೂರದ ದೇಶದ ಸುದ್ದಿ ಅನ್ನಿಸಲಿಲ್ಲ.

ಕಂಪನಿಯ ಹೆಸರು ಪರ್ಡ್ಯೂ ಫಾರ್ಮಾ. ಒಡೆಯರು ಸ್ಯಾಕ್ಲರ್ ಮನೆತನದವರು. 1996ರಲ್ಲಿ ಅವರು ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದರು. ಅದರೊಳಗಿನ ಔಷಧ ಅಫೀಮಿನ ವಂಶದ್ದು, ಮಾರ್ಫಿನ್‌ಗೆ ಹತ್ತಿರದ ನೆಂಟ. ಇಂಥ ಮದ್ದನ್ನು ಅದಕ್ಕೂ ಮುಂಚೆ ಹೆಚ್ಚಾಗಿ ಕ್ಯಾನ್ಸರ್ ರೋಗಿಗೆ, ಆಪರೇಷನ್ ಆದವರಿಗೆ ಕೊಡುತ್ತಿದ್ದರು. ಇವರು ಬೆನ್ನು ನೋವಿಗೂ ಮಂಡಿ ನೋವಿಗೂ ಬರೆಯಿರಿ ಅಂದರು. ಚಟ ಹತ್ತುವುದಿಲ್ಲವೇ ಎಂದು ಡಾಕ್ಟರರು ಕೇಳಿದರೆ, ನೂರಕ್ಕೆ ಒಬ್ಬರಿಗೂ ಹತ್ತುವುದಿಲ್ಲ ಎಂಬ ಉತ್ತರ ಸಿದ್ಧವಾಗಿತ್ತು. ಆ ಕಾಲದಲ್ಲಿ ಇಂಥ ಮಾತಿಗೆ ಆಧಾರವಾಗಿ ಎಲ್ಲರೂ ತೋರಿಸುತ್ತಿದ್ದದ್ದು 1980ರಲ್ಲಿ ಒಂದು ವೈದ್ಯ ಪತ್ರಿಕೆಗೆ ಬರೆದ ಐದು ವಾಕ್ಯಗಳ ಪತ್ರ! ಅದರಲ್ಲಿದ್ದದ್ದು ಆಸ್ಪತ್ರೆಯಲ್ಲಿ ಮಲಗಿದ್ದವರ ಲೆಕ್ಕ. ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರ ಮಾತೇ ಅಲ್ಲಿ ಇರಲಿಲ್ಲ.

ಡಾಕ್ಟರರಿಗೆ ಟೋಪಿ, ಗೊಂಬೆ, ಹಾಡಿನ ಸಿಡಿ ಕೊಟ್ಟರು. ಊಟ ವಸತಿಯ ಖರ್ಚು ಕೊಟ್ಟು ಸಮ್ಮೇಳನಗಳಿಗೆ ಕರೆಸಿಕೊಂಡರು. ರೋಗಿಗೆ ಮೊದಲ ಮಾತ್ರೆಗಳು ಪುಕ್ಕಟೆ ಸಿಗುವ ಕೂಪನ್ ಹಂಚಿದರು. 1996ರಲ್ಲಿ 4.8 ಕೋಟಿ ಡಾಲರ್ ಇದ್ದ ಮಾರಾಟ 2000ದ ಹೊತ್ತಿಗೆ ಸುಮಾರು 110 ಕೋಟಿ ಆಯಿತು. ಈ ಪಟ್ಟಿ ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದು ಹೋದೆ. ಟೋಪಿಯ ಜಾಗದಲ್ಲಿ ನಾವು ದೀಪಾವಳಿಗೆ ಬೆಳ್ಳಿ ಲೋಟ ಕೊಡುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕರ್ಮಿಟ್ ಎಂಬ ಗಣಿ ಸೀಮೆಯ ಊರಿದೆ. ಜನ ಸುಮಾರು ನಾನೂರು. ಅಲ್ಲಿನ ಒಂದೇ ಔಷಧ ಅಂಗಡಿಗೆ ಎರಡು ವರ್ಷದಲ್ಲಿ ಹತ್ತಿರ ಹತ್ತಿರ 90 ಲಕ್ಷ ನೋವಿನ ಮಾತ್ರೆ ಬಂದಿಳಿದವು. ಅವು ಬೇರೆ ಕಂಪನಿಗಳ ಮಾತ್ರೆಗಳು. ಪರ್ಡ್ಯೂ ಒಂದೇ ಪಾಪಿ ಅಲ್ಲ. ಕಳಿಸಿದ ಸಗಟು ವ್ಯಾಪಾರಿಗೆ ಲೆಕ್ಕ ಗೊತ್ತಿರಲಿಲ್ಲವೇ? ನಮ್ಮ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಗೂ ಯಾವ ಊರಿಗೆ ಎಷ್ಟು ಬೇಕು ಅಂತ ಗೊತ್ತಿರುತ್ತದೆ. 1999ರಿಂದ ಈಚೆಗೆ ಮಾತ್ರೆ, ಹೆರಾಯಿನ್, ಫೆಂಟನಿಲ್ ಎಲ್ಲ ಸೇರಿ ಆ ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಇನ್ನು ಕಾನೂನು. 2007ರಲ್ಲಿ ಪರ್ಡ್ಯೂದ ಸೋದರ ಕಂಪನಿ, ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದು ನಿಜ ಎಂದು ಒಪ್ಪಿಕೊಂಡಿತು. ಸುಮಾರು 60 ಕೋಟಿ ಡಾಲರ್ ದಂಡ. ಮೂವರು ಅಧಿಕಾರಿಗಳೂ ತಪ್ಪೊಪ್ಪಿದರು, ಯಾರೂ ಜೈಲಿಗೆ ಹೋಗಲಿಲ್ಲ. ವ್ಯಾಪಾರ ನಡೆದೇ ಇತ್ತು. 2020ರಲ್ಲಿ ಕಂಪನಿ ಮತ್ತೆ ತಪ್ಪೊಪ್ಪಿಕೊಂಡಿತು. ಜೈಲಿಗೆ ಹೋದವರೂ ಇದ್ದಾರೆ, ಆದರೆ ಬೇರೆ ಕಂಪನಿಯವರು: ಫೆಂಟನಿಲ್ ಸ್ಪ್ರೇ ಬರೆಯಲು ಡಾಕ್ಟರರಿಗೆ ಲಂಚ ಕೊಡಿಸಿದ ಇನ್ಸಿಸ್ ಕಂಪನಿಯ ಸ್ಥಾಪಕ ಜಾನ್ ಕಪೂರ್‌ಗೆ 2020ರಲ್ಲಿ ಐದೂವರೆ ವರ್ಷ ಶಿಕ್ಷೆಯಾಯಿತು. ಆತ ಹುಟ್ಟಿದ್ದು ಅಮೃತಸರದಲ್ಲಿ.

ಒಕ್ಲಹೋಮಾ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಊರ ಕೆರೆಗೆ ಹೊಲಸು ಬಿಟ್ಟವನು ಇಡೀ ಊರಿಗೆ ಉಪದ್ರವ ಮಾಡಿದಂತೆ ಇದೂ ಸಾರ್ವಜನಿಕ ಉಪದ್ರವ ಎಂದು ವಾದಿಸಿತು. 2019ರಲ್ಲಿ ಕೆಳ ನ್ಯಾಯಾಲಯ ಒಪ್ಪಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಮೇಲೆ 46.5 ಕೋಟಿ ಡಾಲರ್ ಹೊರಿಸಿತು. 2021ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಆ ಕಾನೂನು ಇಂಥದ್ದಕ್ಕೆ ಅಲ್ಲ ಎಂದು ತೀರ್ಪು ರದ್ದು ಮಾಡಿತು.

ಎಲ್ಲಕ್ಕಿಂತ ದೊಡ್ಡ ಜಾಣತನ ದಿವಾಳಿ ಅರ್ಜಿಯಲ್ಲಿತ್ತು. 2019ರಲ್ಲಿ ಪರ್ಡ್ಯೂ ದಿವಾಳಿ ಕೋರಿತು. ಅದಕ್ಕೂ ಮುಂಚಿನ ಹತ್ತು ವರ್ಷದಲ್ಲಿ ಮನೆತನವು ತೆರಿಗೆಯೂ ಸೇರಿ 1000 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಕಂಪನಿಯಿಂದ ಹೊರಗೆ ತೆಗೆದಿತ್ತು. ಕಂಪನಿ ದಿವಾಳಿ, ಮನೆತನ ದಿವಾಳಿ ಅಲ್ಲ. ಆದರೂ ಒಂದಷ್ಟು ಕೊಡುತ್ತೇವೆ, ಇನ್ನು ಯಾರೂ ನಮ್ಮ ಮೇಲೆ ದಾವೆ ಹೂಡಬಾರದು ಎಂಬ ರಕ್ಷಣೆ ಕೇಳಿದರು. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಒಪ್ಪದವರ ಹಕ್ಕನ್ನು ಹಾಗೆ ಕಿತ್ತುಕೊಳ್ಳಲು ಆಗದು ಅಂದಿತು. ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಿಗಳು ಮೊದಲ ರಾಜಿಗೆ ಒಪ್ಪಿದ್ದರು. ತೀರ್ಪಿನಿಂದ ಅವರಿಗೆ ಬರಬೇಕಾದ ಹಣ ತಡವಾಯಿತು. ಇದು ಸಣ್ಣ ಮಾತಲ್ಲ. ಆದರೂ ನಾನು ಆ ಐವರ ಕಡೆಗೇ ಇದ್ದೇನೆ. ಈಗಿನ ರಾಜಿ 740 ಕೋಟಿ ಡಾಲರ್‌ನದು, 2025ರ ನವೆಂಬರ್‌ನಲ್ಲಿ ದಿವಾಳಿ ನ್ಯಾಯಾಲಯ ಒಪ್ಪಿತು. ಒಪ್ಪದವರಿಗೆ ಮನೆತನದ ಮೇಲೆ ದಾವೆ ಹೂಡುವ ಹಕ್ಕು ಉಳಿದಿದೆ.

ಸ್ಯಾಕ್ಲರ್ ಮನೆತನ ಮಹಾ ದಾನಿ ಎಂದು ಹೆಸರಾಗಿತ್ತು. ಪ್ಯಾರಿಸ್‌ನ ಲೂವ್ರ್, ನ್ಯೂಯಾರ್ಕಿನ ಮೆಟ್ ವಸ್ತುಸಂಗ್ರಹಾಲಯಗಳ ಗೋಡೆಯ ಮೇಲೆ ಆ ಹೆಸರಿತ್ತು. ಜನ ಪ್ರತಿಭಟಿಸಿದ ಮೇಲೆ 2019ರಲ್ಲಿ ಲೂವ್ರ್, 2021ರಲ್ಲಿ ಮೆಟ್ ಹೆಸರು ತೆಗೆದವು. ನಮ್ಮ ಆಯ್ದಕ್ಕಿ ಲಕ್ಕಮ್ಮನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಿರುಗಿಸಿ ಬಾ ಅಂದ ತಾಯಿ ಆಕೆ. ಅದು ಕದ್ದ ಅಕ್ಕಿಯೂ ಅಲ್ಲ, ನೆಲಕ್ಕೆ ಬಿದ್ದದ್ದು.

ಒಂದು ಎಚ್ಚರಿಕೆ. ಮಾರ್ಫಿನ್ ಕೆಟ್ಟದ್ದು ಎಂದು ಯಾರೂ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. 1985ರ ನಮ್ಮ ಮಾದಕ ವಸ್ತು ಕಾನೂನಿನ ಬಿಗಿಯಿಂದ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಸಿಗದೆ ಒದ್ದಾಡಿದ್ದಾರೆ. 2014ರ ತಿದ್ದುಪಡಿ ಬಂದದ್ದೇ ಆ ಬಿಗಿ ಸಡಿಲಿಸಲು. ಇನ್ನೊಂದು ಕಡೆ, ಮುಂಬೈನ ಕಂಪನಿಯೊಂದು ಟಪೆಂಟಡಾಲ್ ಬೆರೆಸಿದ ಮಾತ್ರೆಗಳನ್ನು ಘಾನಾ, ನೈಜೀರಿಯಾಗಳಿಗೆ ಕಳಿಸುತ್ತಿದ್ದದ್ದು 2025ರಲ್ಲಿ ಬಿಬಿಸಿಯ ತನಿಖೆಯಿಂದ ಹೊರಬಿತ್ತು. ಆಮೇಲೆ ಸರ್ಕಾರ ಆ ಮಿಶ್ರಣ ನಿಲ್ಲಿಸಿತು. ಆಫ್ರಿಕಾದ ಆ ತಾಯಂದಿರು ಯಾವ ನ್ಯಾಯಾಲಯಕ್ಕೆ ಹೋಗಬೇಕು?

ನನ್ನ ಪಾಲಿನ ಮಾತು ಹೇಳಿ ಮುಗಿಸುತ್ತೇನೆ. ಟ್ರಾಮಡಾಲ್ ಎಂಬ ನೋವಿನ ಮಾತ್ರೆ ನಾನೂ ಮಾರಿದ್ದೇನೆ. "ಇದು ಅಭ್ಯಾಸ ಆಗೋದಿಲ್ಲ ಸರ್" ಎಂದು ನೂರಾರು ಡಾಕ್ಟರರಿಗೆ ಹೇಳಿದ್ದೇನೆ. ಕಂಪನಿಯ ತರಬೇತಿಯಲ್ಲಿ ಹಾಗೆ ಹೇಳಿಕೊಟ್ಟಿದ್ದರು, ನಾನು ಎದುರು ಕೇಳಲಿಲ್ಲ. 2018ರಲ್ಲಿ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾನೂನಿನಡಿ ತಂದಿತು. ಅಷ್ಟರಲ್ಲಿ ನಮ್ಮ ಎಪಿಎಂಸಿಯ ಹಮಾಲರೊಬ್ಬರು ಬೆನ್ನು ನೋವಿಗೆಂದು ಶುರು ಮಾಡಿ ದಿನಕ್ಕೆ ಎಂಟು ಮಾತ್ರೆಗೆ ಬಂದಿದ್ದರು. ಔಷಧ ಅಂಗಡಿಯ ಕಟ್ಟೆಯ ಮೇಲೆ ಕೈ ನಡುಗುತ್ತಾ ಕೂತಿದ್ದವರನ್ನು ನಾನು ನೋಡಿದೆ. ಮಾತಾಡಿಸದೆ ಬಂದೆ.

ಆ ವರ್ಷಗಳ ಬೋನಸ್ಸಿನಲ್ಲಿ ಈ ದಾಸೋಹ ಮನೆಗೆ ಒಂದು ಕೋಣೆ ಕಟ್ಟಿಸಿಕೊಟ್ಟೆ. ಗೋಡೆಯ ಮೇಲಿನ ಕಲ್ಲಿನಲ್ಲಿ ನನ್ನ ಹೆಸರಿದೆ, ನೀವೆಲ್ಲ ನೋಡಿದ್ದೀರಿ. ಅದನ್ನು ತೆಗೆಸಿಬಿಡಿ ಬುದ್ಧಿ ಎಂದು ಹೋದ ತಿಂಗಳು ಅಪ್ಪಗಳಲ್ಲಿ ಬಿನ್ನವಿಸಿಕೊಂಡೆ. "ಕಲ್ಲು ತೆಗೆಯೋದು ಒಂದು ಗಳಿಗೆ ಕೆಲಸ. ಆ ಹಮಾಲರ ಮನೆಗೆ ಹೋಗಿ ಬಂದಿರೇನು?" ಅಂದರು. ಹೋಗಿರಲಿಲ್ಲ. ಈ ಸೋಮವಾರ ಹೊರಟಿದ್ದೇನೆ.